ಗೊರಕೆ ಕೇಳಿಸದ ಮಧ್ಯಾಹ್ನ

ಒಂದು ಊರು. ಮೆಣಸಿನಕಾಯಿ ವ್ಯಾಪಾರದ ಊರು. ಸುಗ್ಗಿಯಲ್ಲಿ ಬಸ್ಸಿಳಿದವನು ಮೊದಲು ಸೀನಿ, ಆಮೇಲೆ ದಾರಿ ಕೇಳುವಂಥ ಊರು. ಆ ಊರಲ್ಲಿ ಒಬ್ಬ ಸಾಹುಕಾರ ಇದ್ದ. ಅವನ ಹೆಸರು ಕೇಳಬೇಡಿ. ಹೇಳಿದರೆ ಈ ಮಠದಲ್ಲಿ ಕಥೆ ಕೇಳಲು ಮುಂದಿನ ಸಾಲಿನಲ್ಲಿ ಕೂತವರು "ಅಯ್ಯೋ, ನಮ್ಮ ಬೀಗರು" ಎಂದು ಎದ್ದು ಹೋಗುತ್ತೀರಿ. ಅವನ ಹೆಂಡತಿಯ ಹೆಸರು ಮಾತ್ರ ಹೇಳುತ್ತೇನೆ, ಸುವರ್ಣಾ. ಈ ಕಥೆಯಲ್ಲಿ ಬೇಸತ್ತವಳು ಅವಳು. ಬೇಸತ್ತವರ ಹೆಸರನ್ನಾದರೂ ನಾವು ತಿಳಿದುಕೊಳ್ಳಬೇಕಲ್ಲವೇ?

ಸಾಹುಕಾರ ಸಾಮಾನ್ಯನಲ್ಲ. ಚೀಲದ ಬಾಯಿ ನೋಡಿ ಮೆಣಸಿನಕಾಯಿ ಕೊಂಡವನೇ ಅಲ್ಲ. ಮೊಣಕೈವರೆಗೆ ತೋಳು ಇಳಿಸಿ ತಳದ ಕಾಯಿ ತೆಗೆದು, ಮುರಿದು, ಬೀಜ ನೋಡಿ, ಮೂಸಿ, ಆಮೇಲೆ ದರ ಹೇಳುವವನು. ಅವನಿಗೆ ಮೋಸ ಮಾಡಿದ ರೈತನಿಲ್ಲ, ದಲ್ಲಾಳಿಯಿಲ್ಲ. ಇಂಥ ಜಾಣನಿಗೆ ಐವತ್ತು ದಾಟುತ್ತಲೇ ಸಕ್ಕರೆ ಕಾಯಿಲೆ ಬಂತು.

ಡಾಕ್ಟರಮ್ಮ ಗಂಡ ಹೆಂಡಿರಿಬ್ಬರನ್ನೂ ಎದುರು ಕೂರಿಸಿಕೊಂಡು ನಿಧಾನವಾಗಿ ಹೇಳಿದರು. "ಗುಳಿಗಿ ಕೊಡ್ತೀನಿ. ಆದ್ರ ಗುಳಿಗಿ ತೊಗೊಂಡ ಮ್ಯಾಲ ಊಟ ತಪ್ಪಿಸಬಾರದು, ತಪ್ಪಿಸಿದ್ರ ಸಕ್ಕರಿ ಒಮ್ಮೆಲೆ ಇಳೀತದ. ಬೆವರು, ನಡುಕ, ಬಾಯಿಗೆ ಬಂದಂಗ ಮಾತು ಕಂಡ್ರ, ಎಚ್ಚರ ಇದ್ದಾಗನ ಸಕ್ಕರಿ ನೀರು ಕುಡಿಸ್ರಿ. ಎಚ್ಚರ ತಪ್ಪಿದ್ರ ಬಾಯಾಗ ಏನೂ ಹಾಕಬ್ಯಾಡ್ರಿ, ದವಾಖಾನಿಗೆ ಕರಕೊಂಡ ಬರ್ರಿ. ದಿನಾ ನಡೀರಿ. ಕಾಳು, ಸೊಪ್ಪು ಹೆಚ್ಚಿಗಿ ತಿನ್ರಿ. ಮೈದಾ ಬ್ಯಾಡ, ಹೊಟ್ಟ್ಯಾಗ ಹೋಗಿ ಅದೂ ಸಕ್ಕರಿನ ಆಗ್ತದ. ಕುಡಿಯೂದು ಬಿಡ್ರಿ."

ಸುವರ್ಣಾ ಕಿವಿಗೊಟ್ಟು ಕೇಳಿದಳು. ಸಾಹುಕಾರ ಗೋಡೆಯ ಗಡಿಯಾರ ನೋಡುತ್ತಿದ್ದ.

ಹೊರಗೆ ಬಂದವನು ಏನು ಮಾಡಿದ? ಗುಳಿಗೆ ಕೊಂಡ, ಅಷ್ಟು ಮಾಡಿದ. ಆಮೇಲೆ ನೆಟ್ಟಗೆ ಅಂಗಡಿಗೆ ಹೋದ. ನೋಡಿ, ರೋಗ ಬಂದರೂ ಸಾಹುಕಾರರಿಗೆ ಮೊದಲು ನೆನಪಾಗುವುದು ಅಂಗಡಿ! ನಾಲಿಗೆ ಕಟ್ಟುವ ಬದಲು ಏನನ್ನಾದರೂ ಕೊಂಡು ಪಾರಾಗಬಹುದೇ ಎಂಬ ಹುಡುಕಾಟ.

ಮೊದಲು ಬಂದದ್ದು ಬಿಸ್ಕಿಟು. ಪೊಟ್ಟಣದ ಮೇಲೆ ದೊಡ್ಡ ಹಸಿರು ಅಕ್ಷರದಲ್ಲಿ "ಶುಗರ್ ಫ್ರೀ". ಚಹಾಕ್ಕೊಂದು ಪೊಟ್ಟಣ ಮುಗಿಯತೊಡಗಿತು.

"ಇದರಾಗ ಸಕ್ಕರಿ ಇಲ್ಲ ನೋಡ, ಬರದಾರ" ಎಂದ ಸಾಹುಕಾರ.

"ಸಕ್ಕರಿ ಇಲ್ಲದಿದ್ರ ಮೈದಾ ಐತಲ್ರೀ" ಎಂದಳು ಸುವರ್ಣಾ, ಪೊಟ್ಟಣ ತಿರುಗಿಸಿ ಬೆಳಕಿಗೆ ಹಿಡಿದು. "ಹಿಂದ ನೋಡ್ರಿ. ಮೊದಲನೇ ಹೆಸರ ಮೈದಾ. ಅದರ ಬೆನ್ನಿಗೆ ಎಣ್ಣಿ. ಮೈದಾ ಹೊಟ್ಟ್ಯಾಗ ಹೋಗಿ ಸಕ್ಕರಿನ ಆಗ್ತೈತಂತ ಡಾಕ್ಟರು ಹೇಳಲಿಲ್ಲೇನು?"

"ಹಿಂದ ಬರದದ್ದು ಯಾರ ಓದ್ತಾರ?"

ಕೇಳಿದಿರಾ? ಹೆಣ್ಣು ನೋಡಲು ಹೋದರೆ ಬೀಗರ ಏಳು ತಲೆಮಾರು ವಿಚಾರಿಸುತ್ತೀರಿ. ಎಮ್ಮೆ ಕೊಳ್ಳುವಾಗ ಬಾಯಿ ತೆರೆಸಿ ಹಲ್ಲು ನೋಡುತ್ತೀರಿ. ಹೊಟ್ಟೆಯೊಳಗೆ ಹೋಗುವ ಪೊಟ್ಟಣವನ್ನು ಒಮ್ಮೆ ತಿರುಗಿಸುವುದಕ್ಕೆ ಮಾತ್ರ ಪುರುಸೊತ್ತಿಲ್ಲ!

ಬಿಸ್ಕಿಟಿನ ಹಿಂದೆ ಪ್ರೋಟೀನ್ ಪುಡಿಯ ಡಬ್ಬಿ ಬಂತು. ಡಬ್ಬಿಯ ಮೇಲೆ ತೋಳು ಉಬ್ಬಿಸಿಕೊಂಡ ತರುಣನ ಚಿತ್ರ. ಯಾವುದೋ ಮದುವೆಯ ಪಂಕ್ತಿಯಲ್ಲಿ ಪಕ್ಕದವನು ಹೇಳಿದ್ದನಂತೆ, ಇದನ್ನು ಕುಡಿದರೆ ಶುಗರ್ ಹತ್ತಿರವೂ ಸುಳಿಯುವುದಿಲ್ಲ ಎಂದು. ಡಾಕ್ಟರಮ್ಮನ ಮಾತು ತಲೆಗೆ ಹೋಗಲಿಲ್ಲ, ಪಂಕ್ತಿಯವನ ಮಾತು ನೆಟ್ಟಗೆ ಎದೆಗೆ ಹೋಯಿತು. ಸುವರ್ಣಾ ಬಡಿಸಿದ ಮೊಳಕೆ ಹೆಸರುಕಾಳಿನ ಪಲ್ಯವನ್ನು ತಟ್ಟೆಯಂಚಿಗೆ ಸರಿಸಿ ಆತ ಪುಡಿ ಕಲಕತೊಡಗಿದ. ಅವಳು ಏನು ಹೇಳಬೇಕು, ಹೇಳಿ? ಕಾಳಿನಲ್ಲಿ ಇಲ್ಲದ್ದು ಆ ಡಬ್ಬಿಯಲ್ಲಿ ಏನಿತ್ತು? ವಾಸನೆ ಇತ್ತು. ಚಿತ್ರ ಇತ್ತು.

ಆಮೇಲೆ ಬಂದದ್ದು ಎಲ್ಲಕ್ಕಿಂತ ಮೇಲು. ಎಲೆಯ ಚಿತ್ರವಿದ್ದ ಒಂದು ಟಾನಿಕ್. ಯಕೃತ್ತಿಗೆ, ಅಂದರೆ ನಮ್ಮ ಲಿವರಿಗೆ ಬಲ ಕೊಡುತ್ತದಂತೆ. ಸಾಹುಕಾರ ದಿನಾ ಸಂಜೆ ಎರಡು ಚಮಚ ಟಾನಿಕ್ ಕುಡಿಯುವನು, ಬಾಯಿ ಒರೆಸಿಕೊಳ್ಳುವನು, ವಿಸ್ಕಿ ಬಾಟಲಿ ತೆರೆಯುವನು.

"ಇದೇನ್ರೀ ಇದು?"

"ಲಿವರಿಗೆ ಕಾವಲು."

"ಕಳ್ಳನ್ನ ಕೈ ಹಿಡದು ಒಳಗ ಕರಕೊಂಡ ಬಂದು, ಬಾಗಲಿಗೆ ಕಾವಲು ನಿಲ್ಲಸ್ತೀರೇನು?"

"ನಿನಗ ತಿಳ್ಯೂದಿಲ್ಲ, ಸುಮ್ನಿರ. ಎಲ್ಲಾ ಗಿಡಮೂಲಿಕಿ. ಗಿಡಮೂಲಿಕಿಯಿಂದ ಏನ ಆಗ್ತೈತಿ?"

ಗಿಡದಿಂದ ಬಂದದ್ದೆಲ್ಲ ಒಳ್ಳೆಯದಂತೆ! ಎಕ್ಕವೂ ಗಿಡವೇ, ದತ್ತೂರಿಯೂ ಗಿಡವೇ. ತಿನ್ನುತ್ತೀರಾ?

ಇನ್ನು ಬಾಟಲಿ. ಆ ಮನೆಯ ಕಪಾಟಿನಲ್ಲಿದ್ದ ಅಷ್ಟೂ ಸಾಮಾನುಗಳಲ್ಲಿ ತನ್ನ ಬಗ್ಗೆ ತಾನೇ ಸತ್ಯ ಹೇಳಿಕೊಂಡದ್ದು ಅದೊಂದೇ. ಕುಡಿಯುವುದು ಆರೋಗ್ಯಕ್ಕೆ ಹಾನಿ ಎಂದು ಅದರ ಮೈಮೇಲೆಯೇ ಅಚ್ಚು ಹಾಕಿತ್ತು. ಬಿಸ್ಕಿಟಿನ ಮುಖ ಓದಿ ನಂಬಿದವನು, ಡಬ್ಬಿಯ ಚಿತ್ರ ನೋಡಿ ನಂಬಿದವನು, ಬಾಟಲಿಯ ಮಾತನ್ನು ಮಾತ್ರ ನಂಬಲಿಲ್ಲ. ಮೇಲಾಗಿ ಅವನದೇ ಒಂದು ಲೆಕ್ಕ. "ವಿಸ್ಕಿಯೊಳಗ ಸಕ್ಕರಿ ಇಲ್ಲ. ಎರಡು ರೊಟ್ಟಿ ಬಿಟ್ಟರ ಎರಡು ಪೆಗ್ಗಿಗೆ ಜಾಗ ಆಗ್ತೈತಿ. ಇದಕ್ಕ ಡಯಟ್ ಅಂತಾರ." ಹೀಗೆ ಜೋಳದ ರೊಟ್ಟಿ ಮುಚ್ಚಿಟ್ಟಲ್ಲೇ ಉಳಿಯಿತು, ಮೆಂತೆ ಪಲ್ಯ ಆರಿತು, ಹೊಟ್ಟೆಗೆ ಪೆಗ್ಗು ಇಳಿಯಿತು.

ಸುವರ್ಣಾ ಹೇಳಿದಳು. ಅತ್ತು ಹೇಳಿದಳು, ನಕ್ಕು ಹೇಳಿದಳು, ಮಗಳಿಂದ ಫೋನಿನಲ್ಲಿ ಹೇಳಿಸಿದಳು. ಕೊನೆಗೊಂದು ದಿನ, ಯಾರೂ ಮುಟ್ಟದ ರೊಟ್ಟಿಯನ್ನು ಆಕಳಿಗೆ ಹಾಕಿ ಬಂದು, ಸೆರಗಿಗೆ ಕೈ ಒರೆಸಿಕೊಂಡು, "ಇನ್ನ ನಾ ಹೇಳೂದಿಲ್ರೀ" ಎಂದಳು. ಸಾಹುಕಾರನಿಗೆ ಹಾಯೆನಿಸಿತು. ಮನೆ ಶಾಂತವಾಯಿತು ಎಂದುಕೊಂಡ. ಹೆಂಡತಿ ಬೈಯುವುದನ್ನು ನಿಲ್ಲಿಸಿದರೆ ಶಾಂತಿ ಎಂದುಕೊಳ್ಳುವ ಗಂಡಸರೇ, ನೋಡಿ, ಅದು ಶಾಂತಿಯಾಗಿರಲಿಲ್ಲ. ಅವಳೊಳಗೆ ಏನೋ ತಣ್ಣಗಾಗಿತ್ತು.

ಹೀಗಿರುವಾಗ ಸಾಹುಕಾರನ ತಮ್ಮ ಶೇಖಪ್ಪ ಹೊಸ ಮನೆ ಕಟ್ಟಿಸಿದ. ಗೃಹಪ್ರವೇಶ. ಅಂಗಳದಲ್ಲಿ ಪೆಂಡಾಲು, ಹೋಳಿಗೆಯ ಘಮ, ಪಂಕ್ತಿಯ ಮೇಲೆ ಪಂಕ್ತಿ. ಸಾಹುಕಾರ ಮನೆಯಿಂದ ಹೊರಡುವಾಗಲೇ ಗುಳಿಗೆ ನುಂಗಿದ್ದ, ಹೇಗೂ ಹೋದ ಕೂಡಲೇ ಊಟ ಎಂದು. ಆದರೆ ಮಾಳಿಗೆಯ ಕೋಣೆಯಲ್ಲಿ ಗೆಳೆಯರು ಕದ ಮುಂದೆ ಮಾಡಿಕೊಂಡು ಕೂತಿದ್ದರು. ಕರೆದರು. ಹೋದ. "ಹೋಳಿಗಿ ನನಗ ನಡ್ಯೂದಿಲ್ಲಪಾ, ನಂದು ಡಯಟ್" ಎಂದು ಊಟಕ್ಕೆ ಬೆನ್ನು ಹಾಕಿ ಗ್ಲಾಸು ಹಿಡಿದ. ಬರೀ ಹೊಟ್ಟೆ. ಒಳಗೆ ಗುಳಿಗೆ. ಅದರ ಮೇಲೆ ವಿಸ್ಕಿ.

ಸ್ವಲ್ಪ ಹೊತ್ತಿಗೆ ಅವನು ಗೋಡೆ ಹಿಡಿದುಕೊಂಡು ಮೆಟ್ಟಿಲಿಳಿದು ಬಂದ. ಯಾರಿಗೋ ಸುಮ್ಮನೆ ಬೈದ. ಬೀಗರ ಹೆಸರು ತಪ್ಪಿ ಕರೆದ. ಹೆಂಗಸರು ಬಾಯಿಗೆ ಸೆರಗು ಹಿಡಿದು ನಕ್ಕರು. ಶೇಖಪ್ಪ ಬಂದು ಅಣ್ಣನ ಬಗಲಿಗೆ ಕೈಕೊಟ್ಟು ಒಳಕೋಣೆಯ ಹಾಸಿಗೆಯ ಮೇಲೆ ಮಲಗಿಸಿದ.

ಸುವರ್ಣಾ ಬಾಗಿಲಲ್ಲಿ ನಿಂತಿದ್ದಳು. ಕೈಯಲ್ಲಿ ಮಜ್ಜಿಗೆಯ ತಂಬಿಗೆ.

"ಜರಾ ಏರೇತಿ ವೈನಿ. ಮಲಕ್ಕೊಳ್ಳಿ ಬಿಡ್ರಿ, ಇಳೀತೈತಿ" ಎಂದ ಶೇಖಪ್ಪ.

ಅವಳು ಹಾಸಿಗೆಯ ಕಡೆ ನೋಡಿದಳು. ಹೊರಗಿನ ನಗು ಇನ್ನೂ ಕಿವಿಯಲ್ಲಿತ್ತು. "ಬಿದ್ದಿರ್ಲಿ" ಎಂದುಕೊಂಡಳು. ಕದ ಎಳೆದುಕೊಂಡು ಮಜ್ಜಿಗೆ ಬಡಿಸಲು ಹೋದಳು.

ತಾಯಂದಿರೇ, ನಿಮ್ಮಲ್ಲಿ ಯಾರು ಅವಳದು ತಪ್ಪು ಎನ್ನುತ್ತೀರಿ? ನಾನಂತೂ ಎನ್ನಲಾರೆ.

ಒಂದು ಪಂಕ್ತಿ ಎದ್ದಿತು, ಇನ್ನೊಂದು ಕೂತಿತು. ಎಲೆಗಳ ನಡುವೆ ಬಗ್ಗುತ್ತ ಏಳುತ್ತ ಹೋಗುತ್ತಿದ್ದ ಸುವರ್ಣಾಳಿಗೆ ಏನೋ ಸರಿಯಿಲ್ಲ ಎನಿಸತೊಡಗಿತು. ಏನದು? ಯೋಚಿಸಿದಳು. ಗೊರಕೆ. ಕುಡಿದು ಮಲಗಿದರೆ ಗಂಡನ ಗೊರಕೆಗೆ ಪಕ್ಕದ ಮನೆಯವರು ಎಚ್ಚರಾಗುತ್ತಿದ್ದರು. ಒಳಕೋಣೆ ಇದ್ದದ್ದು ಪೆಂಡಾಲಿನ ಮಗ್ಗುಲಿಗೇ. ಕಿಟಕಿ ತೆರೆದೇ ಇತ್ತು. ಸದ್ದಿಲ್ಲ.

ತಂಬಿಗೆ ಅಲ್ಲೇ ಇಟ್ಟು ಓಡಿದಳು.

ಫ್ಯಾನಿನ ಕೆಳಗೆ ಮಲಗಿದ್ದವನ ಅಂಗಿ ಹಿಂಡಿದರೆ ನೀರಿಳಿಯುವಷ್ಟು ತೊಯ್ದಿತ್ತು. ಕುಡಿದರೆ ಕೆಂಪಗೆ ಕಾಯುವ ಮುಖ ಬಿಳುಚಿತ್ತು. ಕೈ ಹಿಡಿದಳು, ತಣ್ಣಗೆ ನಡುಗುತ್ತಿತ್ತು. "ಏನ್ರೀ, ಇಲ್ಲಿ ನೋಡ್ರಿ" ಎಂದು ಅಲುಗಿಸಿದಳು. ಕಣ್ಣು ತೆರೆದ. ಹೆಂಡತಿಯನ್ನು ಅಪರಿಚಿತಳಂತೆ ನೋಡಿದ.

"ಶೇಖಪ್ಪಾ! ಮ್ಯಾಲೆ ಏನರ ತಿಂದಾರೇನು?"

"ಏನೂ ಇಲ್ಲ ವೈನಿ. ಶೇಂಗಾ ಸುದ್ದಾ ಮುಟ್ಟಲಿಲ್ಲ. ಡಯಟ್ ಅಂದ."

"ಗುಳಿಗಿ ತೊಗೊಂಡಾರೋ! ಸಕ್ಕರಿ ಇಳದೈತಿ. ಸಕ್ಕರಿ ನೀರು ತಾ, ಗಾಡಿ ತಗಿ, ಓಡು!"

ಬಾಗಿಲಿಗೆ ಜನ ಕೂಡಿದರು. ನೆಂಟರಲ್ಲಿ ಒಬ್ಬ ಹಿರಿಯರು ಅಡ್ಡ ಬಂದರು. "ಏನವಾ, ಹುಚ್ಚು ಹಿಡದೈತೇನು? ಶುಗರ್ ಇದ್ದಾವಗ ಸಕ್ಕರಿ ಕುಡಸ್ತಾರೇನು? ಲಿಂಬಿಹಣ್ಣು ಹಿಂಡ, ಅಮಲು ಇಳೀತೈತಿ."

"ಅಮಲಲ್ರೀ ಮಾವಾರ, ಇದು ಅಮಲಲ್ಲ! ದಾರಿ ಬಿಡ್ರಿ!" ಹಿರಿಯರ ಮುಂದೆ ಎಂದೂ ದನಿ ಎತ್ತದವಳು ಅಂದು ಎತ್ತಿದಳು. ಗಂಡನ ಬೆನ್ನಿಗೆ ತನ್ನ ಮೊಣಕಾಲು ಕೊಟ್ಟು ಕೂರಿಸಿದಳು. ನುಂಗುವಷ್ಟು ಎಚ್ಚರ ಇನ್ನೂ ಇತ್ತು. "ನುಂಗ್ರಿ. ಒಂದ ಗುಟುಕು. ಇನ್ನೊಂದು." ಶೇಖಪ್ಪ ತಂದ ಸಕ್ಕರೆ ನೀರನ್ನು ಕೂಸಿಗೆ ಕುಡಿಸಿದ ಹಾಗೆ ಕುಡಿಸಿದಳು. ಅರ್ಧ ಅವಳ ರೇಷ್ಮೆ ಸೀರೆಯ ಮೇಲೆಯೇ ಚೆಲ್ಲಿತು. ಅಲ್ಲಿಂದ ಗಾಡಿ, ಗಾಡಿಯಿಂದ ದವಾಖಾನೆ.

ಡಾಕ್ಟರಮ್ಮ ಸಕ್ಕರೆ ನೋಡಿ ಕೂಡಲೇ ಗ್ಲೂಕೋಸ್ ಏರಿಸಿದರು. ಆ ದಿನ ಮನೆಗೆ ಬಿಡಲಿಲ್ಲ. "ಸಕ್ಕರಿ ಇಳದಾಗ ಲಿವರು ತನ್ನ ಕಡೆ ಕೂಡಿಟ್ಟದ್ದನ್ನ ಬಿಟ್ಟು ಕಾಪಾಡ್ತದ. ಹೆಂಡ ಅದರ ಕೈ ಕಟ್ಟಿ ಹಾಕ್ತದ. ಮತ್ತ ಇಳೀಬಹುದು, ಇಲ್ಲೇ ಇರ್ಲಿ" ಎಂದರು. ಸುವರ್ಣಾಳನ್ನು ಪಕ್ಕಕ್ಕೆ ಕರೆದು ಇನ್ನೊಂದು ಮಾತು ಹೇಳಿದರು. "ಕುಡದು ಮಲಗ್ಯಾರಂತ ಹಂಗ ಬಿಟ್ಟಿದ್ರ, ಅಮ್ಮಾ..."

ಸಾಹುಕಾರನಿಗೆ ಪೂರ್ತಿ ತಿಳಿವು ಬಂತು. ಮಂಚದ ಪಕ್ಕದಲ್ಲಿ ಹೆಂಡತಿ ಕೂತಿದ್ದಳು. ಸತ್ತು ಬದುಕಿದ ಮನುಷ್ಯ ಮೊದಲು ಆಡಿದ ಮಾತು ಯಾವುದು ಗೊತ್ತೇ? ದೇವರ ಹೆಸರೇ? ಹೆಂಡತಿಯ ಹೆಸರೇ?

"ಸಕ್ಕರಿ ನೀರು ಕುಡಿಸಿದ್ಯಂತಲ್ಲ, ಶುಗರ್ ಏರೂದಿಲ್ಲೇನು?"

ಅಯ್ಯೋ ದೇವರೇ! ಹಣೆ ಎಷ್ಟು ಸಲ ಚಚ್ಚಿಕೊಳ್ಳುವುದು?

ಸುವರ್ಣಾ ನಕ್ಕಳು. ನಗುತ್ತ ನಗುತ್ತಲೇ ಅಳು ಬಂತು. ತಡೆಯಲಾಗಲಿಲ್ಲ.

"ನಿಮ್ಮನ್ನ ಬಿಟ್ಟು ಹೋಗಿದ್ನಿ" ಎಂದಳು. "ಬಾಗಲ್ದಾಗ ನಿಂತು ನೋಡಿದ್ನಿ. ಬಿದ್ದಿರ್ಲಿ ಅಂದ್ನಿ. ಕದ ಎಳಕೊಂಡು ಮಜ್ಜಿಗಿ ಬಡಸಾಕ ಹ್ವಾದ್ನಿ. ನಿಮಗ ಹೇಳಿ ಹೇಳಿ ನಾ ಹಿಂಗ ಆದ್ನಲ್ರೀ. ನಾ ಇಂಥಾಕಿ ಇದ್ದಿಲ್ಲ."

ಸಾಹುಕಾರ ಸಾವಿಗೆ ಹೆದರಿದನೋ ಇಲ್ಲವೋ ತಿಳಿಯದು, ಈ ಮಾತಿಗೆ ಹೆದರಿದ. "ಡಾಕ್ಟರನ್ನ ಕರಿ" ಎಂದ. ಡಾಕ್ಟರಮ್ಮ ಬಂದರು. ಅವನು ನಾಚಿಕೆ ಬಿಟ್ಟು ದಿನಕ್ಕೆ ಎಷ್ಟು ಕುಡಿಯುತ್ತೇನೆ ಎಂಬ ನಿಜವನ್ನು ಹೆಂಡತಿಯ ಮುಂದೆಯೇ ಹೇಳಿದ. ದಿನಾ ಕುಡಿಯುವವರು ತಟ್ಟನೆ ತಾವೇ ಬಿಡಹೋದರೆ ಅದೂ ಅಪಾಯ ಎಂದು ಡಾಕ್ಟರಮ್ಮ ಔಷಧಿ ಕೊಟ್ಟು ತಮ್ಮ ಕಣ್ಣಳತೆಯಲ್ಲೇ ಬಿಡಿಸಿದರು. ಸುಲಭವಾಗಲಿಲ್ಲ. ನಡುವೆ ಒಮ್ಮೆ ಜಾರಿ ಕುಡಿದ, ಮತ್ತೆ ಡಾಕ್ಟರಮ್ಮನ ಹತ್ತಿರವೇ ಹೋದ. ಟಾನಿಕ್ ಬಾಟಲಿ ನೋಡಿ ಡಾಕ್ಟರಮ್ಮ, "ಇದರಾಗ ಏನೈತಂತ ನನಗೂ ಗೊತ್ತಾಗವಲ್ದು. ನಿಮ್ಮ ಲಿವರಿಗೆ ಏನ ಗೊತ್ತಾಗಬೇಕು?" ಎಂದು ಬದಿಗಿಟ್ಟರು. ಈಗ ಅವನು ಹೊತ್ತಿಗೆ ಸರಿಯಾಗಿ ರೊಟ್ಟಿಗೆ ಕೂಡುತ್ತಾನೆ. ಪಲ್ಯ ಸಪ್ಪಗಿದ್ದರೆ ಗೊಣಗುತ್ತಾನೆ. ಸುವರ್ಣಾ ಬೈಯುತ್ತಾಳೆ. ಹೌದು, ಮತ್ತೆ ಬೈಯತೊಡಗಿದ್ದಾಳೆ. ಆ ಮನೆ ಬದುಕಿತು.

ಕಥೆ ಮುಗಿಯಿತು. ಎಲ್ಲರೂ ತಲೆದೂಗಿದಿರಿ. "ಛೆ, ಎಂಥ ಮನುಷ್ಯ" ಎಂದಿರಿ. ಈಗ ನಿಮ್ಮ ಕಡೆಗೆ ಬರೋಣವೇ? ನಿಮ್ಮ ಮನೆಯ ಕಪಾಟಿನಲ್ಲಿ ಏನಿದೆ? ಮಕ್ಕಳು ಎತ್ತರ ಬೆಳೆಯಲಿ ಎಂದು ಹಾಲಿಗೆ ಕಲಕುವ ಪುಡಿಯ ಡಬ್ಬಿಯನ್ನು ಇವತ್ತು ಮನೆಗೆ ಹೋಗಿ ತಿರುಗಿಸಿ. ಹಿಂದೆ ಸಣ್ಣ ಅಕ್ಷರದಲ್ಲಿ ಹೆಸರುಗಳಿರುತ್ತವೆ. ಯಾವುದು ಹೆಚ್ಚಿಗೆ ಇದೆಯೋ ಅದರ ಹೆಸರು ಮೊದಲು. ಮೊದಲ ಎರಡು ಮೂರರಲ್ಲೇ ಸಕ್ಕರೆ ಇದ್ದರೆ ಮಗುವಿಗೆ ಏನು ಕುಡಿಸುತ್ತಿದ್ದೀರಿ ಎಂದು ನೀವೇ ಹೇಳಿ. ಸಕ್ಕರೆಗೆ ವೇಷಗಳೂ ಬಹಳ: ಗ್ಲೂಕೋಸ್ ಎಂದಿರುತ್ತದೆ, ಸಿರಪ್ ಎಂದಿರುತ್ತದೆ. ಪುಡಿ, ಗುಳಿಗೆ, ಟಾನಿಕ್ ಬೇಕೋ ಬೇಡವೋ ಎಂಬುದನ್ನು ಡಾಕ್ಟರು ಹೇಳಲಿ, ಪಂಕ್ತಿಯಲ್ಲಿ ಪಕ್ಕಕ್ಕೆ ಕೂತವನಲ್ಲ. ಸ್ವಲ್ಪ ಕುಡಿದರೆ ಎದೆಗೆ ಒಳ್ಳೆಯದು ಎಂದು ನನಗೆ ಹೇಳಲು ಬರುವವರು ಬರಲೇಬೇಡಿ. ಎದೆಗೆ ಒಳ್ಳೆಯದು ಬೇಕಾದರೆ ಕೆರೆ ಏರಿಯ ಮೇಲೆ ನಡೆಯಿರಿ, ಪುಕ್ಕಟೆ.

ಹೇಳಿ ಹೇಳಿ ಸಾಕಾದವರೇ, ನಿಮಗೂ ಒಂದು ಮಾತು. ಬೇಸರ ಬರುತ್ತದೆ. ಬರಲಿ, ಬೈಯಿರಿ. ಆದರೆ ಹತ್ತಿರ ನಿಂತು ಬೈಯಿರಿ. ಗುಳಿಗೆ ನುಂಗುವವನು ಬೆವತು, ನಡುಗಿ, ತೊದಲಿದರೆ ಅಮಲು ಎಂದು ಕದ ಹಾಕಬೇಡಿ. ಮುಟ್ಟಿ ನೋಡಿ.

ಹೊತ್ತಾಯಿತು. ದಾಸೋಹದ ಮನೆಯಲ್ಲಿ ರೊಟ್ಟಿ, ಕಾಳುಪಲ್ಯ ಸಿದ್ಧವಾಗಿದೆಯಂತೆ. ಇಲ್ಲಿ ಸಕ್ಕರೆ ಕಾಯಿಲೆಯ ಗುಳಿಗೆ ನುಂಗಿ ಬಂದವರು ಎಷ್ಟು ಜನ ಇದ್ದೀರಿ? ಕೈ ಎತ್ತಿ. ಇಷ್ಟೊಂದು ಜನ! ಮತ್ತೆ ನನ್ನ ಮಾತು ಕೇಳುತ್ತ ಬರೀ ಹೊಟ್ಟೆಯಲ್ಲಿ ಕೂತಿದ್ದೀರಲ್ಲ! ಮಂಗಳಾರತಿ ಆಮೇಲೆ ಆಗಲಿ, ದೇವರು ಕಾಯುತ್ತಾನೆ. ಮೊದಲು ನೀವು ಏಳಿ, ಊಟಕ್ಕೆ ನಡೆಯಿರಿ.

ಏಳಿ ಎಂದೆನಲ್ಲ. ಇನ್ನೂ ಕೂತೇ ಇದ್ದೀರಿ!