ಮೀನಿನ ಪೆಟ್ಟಿಗಿ ಮುಚ್ಚಳ

...ಅಷ್ಟ್ಯಾಕ ನೋಡ್ತೀಯೋ ಗಾದಿಲಿಂಗಾ? ಮುಚ್ಚಳಕ್ಕ ನೀ ಹಚ್ಚಿದ್ದ ಗುಂಡಿ ಬಿಚ್ಚಿಕೊಂಡು ಹೋಗು ಅಂತ ನಿಮ್ಮ ಮಾವ ಹೇಳಿ ಹೋಗ್ಯಾರ, ಬಿಚ್ಚು, ಚೀಲದಾಗ ಹಾಕ್ಕೋ, ಬಳ್ಳಾರಿ ಬಸ್ಸು ಹಿಡಿ. ಚಾ ಕುಡೀತೀ? ಬ್ಯಾಡಾ? ನೀರರ ಕುಡಿ... ಅದೂ ಬ್ಯಾಡ. ಬಿಡಪಾ, ಸಿಟ್ಟು ಬಂದೈತಿ ನಿನಗ. ಬರಲಾರದ ಏನು! ಸೋದರತ್ತಿ ಮನಿ, ನಾಳಿ ಹೆಣ್ಣು ಕೊಡೋ ಮನಿ ಅಂತ ಬಂದ್ರ, ಮೀನ ಸತ್ತಾವ ಅಂತ ಮಾವ ಬಾಗಲಾಗ ನಿಂತು ಬೈದ್ರ ಯಾರಿಗಿ ಸಿಟ್ಟು ಬರಂಗಿಲ್ಲ?

ಅವರ ಹೊಟ್ಟಿನೂ ಉರದೈತಿ, ತಿಳಕೋ. ಮದರಾಸಿಂದ ಗಾಜಿನ ಪೆಟ್ಟಿಗಿ ಸಮೇತ ತಂದ ಮೀನ. ಲಿಂಗವಂತರ ಮನ್ಯಾಗ ಮೀನ! ಸಿರುಗುಪ್ಪಿ ಮಂದಿ ಎಷ್ಟು ನಕ್ಕರು! ‘ತಿನ್ನಾಕಲ್ರೆವ್ವಾ, ನೋಡಾಕ’ ಅಂತ ಹೇಳಿ ಹೇಳಿ ನನ್ನ ಬಾಯಿ ನೋಯ್ತು. ಮಿಲ್ಲಿನಿಂದ ಬಂದ್ರ ಕಾಲು ತೊಳ್ಕೊಳ್ಳೋಕಿಂತ ಮೊದಲ ಮೀನ ನೋಡಬೇಕು ಅವರಿಗಿ. ಕಾಳು ಹಾಕೋವಾಗ ನೀರು ಸೋಸೋ ಮಿಶಿನ್ನು ಕಾಳೆಲ್ಲಾ ಎಳಕೋತೈತಿ ಅಂತ ಗೊಣಗಿದ್ದಕ್ಕ, ನೀನ ಅಲ್ಲೇನು ಈ ಕರೆಂಟಿನ ಗುಂಡಿ ಹಚ್ಚಿದಾವ? ಮುಚ್ಚಳ ಎತ್ತಿದ್ರ ತಾನ ಬಂದ್, ಮುಚ್ಚಿದ್ರ ತಾನ ಚಾಲೂ. ಅಯ್ಯ, ಅವತ್ತು ಹೊಗಳಿದ್ದ ಹೊಗಳಿದ್ದು! ‘ಬಳ್ಳಾರ್‍ಯಾಗ ಬರೇ ರೇಡಿಯೋ ರಿಪೇರಿ ಮಾಡ್ತಾನ ಅಂದಿದ್ದೆ, ತಲಿ ನೋಡು ಹುಡುಗಂದು!’ ಅಂತ. ದಾಕ್ಷಾಯಣಿನ ನಿನಗ ಕೊಡೋಣು ಅಂತ ಬಾಯಿ ಬಿಟ್ಟು ಅಂದದ್ದೂ ಅವತ್ತ.

ಈಗೇನು? ನಿನ್ನಿ ರಾತ್ರಿ ಗ್ರಹಣ ಆತು, ಇವತ್ತು ಮುಂಜಾನಿ ನೋಡಿದ್ರ ಎಲ್ಲಾ ಮೀನ ಹೊಟ್ಟಿ ಮ್ಯಾಲ ಮಾಡಿ ತೇಲಾಕತ್ತಿದ್ವು. ರಾತ್ರೆಲ್ಲಾ ಮಿಶಿನ್ನು ನಿಂತೈತಿ, ನೀರಾಗ ಗುಳ್ಳಿಲ್ಲ, ಉಸಿರಿಲ್ಲ. ‘ಒಂದು ಗುಂಡಿ ನೆಟ್ಟಗ ಹಚ್ಚಾಕ ಬರದಾವಗ ನನ್ನ ಮಗಳನ್ನ ಹೆಂಗ ಕೊಡ್ಲಿ?’ ಅಂದ್ಬಿಟ್ರು. ರಾರಾವಿ ಗಂಡಿನ ಕಡೆಯವರು ಇವತ್ತು ಊಟಕ್ಕ ಬರ್ತಾರ, ನಿಮ್ಮ ಮಾವ ಅವರಿಗಿ ಮಾತು ಕೊಟ್ಟ ಬಿಡ್ತಾರ. ಅವಳು ಒಳಗ ಬಾಗಲ ಹಾಕ್ಕೊಂಡು ಕುಂತಾಳ, ಕರದ್ರ ಓ ಅನ್ನವಲ್ಲಳು... ನಾ ಏನ ಮಾಡ್ಲಿ, ಹೇಳು? ನನ್ನ ಮಾತು ಎಲ್ಲಿ ನಡೀತೈತಿ?

ಯಾಕ ಮತ್ತ ಮತ್ತ ಮುಚ್ಚಳ ಎತ್ತಿ ಇಳಸ್ತೀ? ಹ್ಞೂಂ, ನಿಲ್ತೈತಿ. ಹ್ಞೂಂ, ನಡೀತೈತಿ. ಈಗ ನಡದ್ರ ಏನಾತು, ನಿನ್ನಿ ನಿಂತಿತ್ತಲ್ಲ! ಮಿಶಿನ್ನಿನ ಜಾತಿನ ಹಂಗ. ಇಲ್ಲಾಂದ್ರ ಕರೆಂಟು ಹೋಗಿರಬೇಕು. ಹೌದು, ಕರೆಂಟು ಹೋಗಿತ್ತು... ಯಾಕ ನಗತೀ? ಮಿಲ್ಲು ಹೆಂಗ ನಡದಿತ್ತು ಅಂತೀಯಾ? ಅದು... ಆ ಲೈನು ಬ್ಯಾರೆ ಇರ್ತೈತಿ! ನನಗೇನ ಗೊತ್ತೋ ಮಾರಾಯ, ಕುಂಬಳಕಾಯಿ ಕಳ್ಳ ಅಂದ್ರ ನಾ ಯಾಕ ಹೆಗಲ ಮುಟ್ಟಿ ನೋಡ್ಕೊಳ್ಲಿ?

ಗ್ರಹಣಕ್ಕೂ ಇದಕ್ಕೂ ಸಂಬಂಧಿಲ್ಲ, ಮೊದಲ ಹೇಳಿಬಿಡ್ತೀನಿ. ನಮ್ಮ ಮನ್ಯಾಗ ಗ್ರಹಣ ಪಾಳಿಸಂಗಿಲ್ಲ. ಕೊರಳಾಗ ಲಿಂಗ ಇದ್ದೋರಿಗಿ ಸೂತಕ ಎಲ್ಲಿದು ಅಂತ ನಿಮ್ಮ ಮಾವ ಮಠದಾಗ ನಾಕು ಮಂದಿ ಮುಂದ ಎದಿ ತಟ್ಟಿ ಹೇಳಿ ಬಂದಾರ. ‘ನನ್ನ ಮನ್ಯಾಗ ಬಂದು ನೋಡ್ರಿ’ ಅಂದಾರ. ಊರೆಲ್ಲಾ ಬಾಗಲ ಹಾಕ್ಕೊಂಡು ಕುಂತಾಗ ನಾ ಒಲಿ ಹಚ್ಚಿ ರೊಟ್ಟಿ ಬಡದೀನಿ, ಗೊತ್ತೈತಾ? ಗುಂಡಿ ಬಿಚ್ಚೋ ಅಂದ್ರ ಅದರ ಸಂದ್ಯಾಗ ಏನ ಕೆದಕ್ತೀ? ಸಾಕು, ಬಿಡು... ಬಿಡು ಅಂತೀನಿ!

ಏನದು, ಬೆರಳಿನ ಮ್ಯಾಲ?

...ಹುಲ್ಲು. ಒಂದೆಳಿ ಹುಲ್ಲು. ಅಂಗಳದಿಂದ ಹಾರಿ ಬಂದಿರತೈತಿ. ಗಾಳಿ ಇತ್ತು ನಿನ್ನಿ... ಯಾಕ ಹಂಗ ನೋಡ್ತೀ?

...ಹ್ಞೂಂ. ಗ್ರಹಣದ ಗರಿಕಿ.

ಕದ್ದು ಹಾಕಿದ್ನೆಪಾ. ಕುಡಿಯೋ ನೀರಿನ ಕೊಡಕ್ಕ ಹಾಕಿದೆ, ಹಾಲಿಗಿ ಹಾಕಿದೆ, ಉಪ್ಪಿನಕಾಯಿ ಭರಣಿಗಿ ಹಾಕಿದೆ. ನಿಮ್ಮ ಅಜ್ಜಿ ಕಲಿಸಿದ್ದು, ಬಿಡಂದ್ರ ಹೆಂಗ ಬಿಡ್ಲಿ? ಇದೂ ನೀರ ಅಲ್ಲೇನು? ಇದ್ರಾಗ ಜೀವ ಅದಾವಲ್ಲ, ಅವಕ್ಕ ದೋಷ ತಟ್ಟಬಾರದು ಅಂತ ಒಂದು ಹಿಡಿ ಹೆಚ್ಚಿಗಿನ ಸಿಗಿಸಿದೆ, ಮುಚ್ಚಳದ ಸಂದ್ಯಾಗ. ಮುಚ್ಚಳ ಪೂರಾ ಕೂಡಲಿಲ್ಲ, ಮಿಶಿನ್ನು ನಿಂತ ಬಿಟ್ಟಿತು. ನನಗೇನ ಗೊತ್ತು! ಗ್ರಹಣ ಬಿಟ್ಟಮ್ಯಾಲ ಎಲ್ಲಾದ್ರಾಗಿಂದೂ ತಗದೆ, ಇದೊಂದ ಮರತೆ.

ಮುಂಜಾನಿ ಅವರಿಗಿಂತ ಮೊದಲ ನಾನ ನೋಡಿದ್ದು. ಕಿತ್ತು ಒಲಿಗಿ ಹಾಕಿ, ‘ಮಿಶಿನ್ನು ನಿಂತಿತ್ರೀ’ ಅಂದು, ಏನೂ ಅರಿಯದಾಕಿಗತೆ ಕಸಬರಗಿ ಹಿಡದು ನಿಂತೆ. ಅವರು ನಿನ್ನ ಹೆಸರು ಹಿಡದು ಬೈಯಾಕ ಹತ್ತಿದ್ರು. ಈಗ ಹೇಳ್ಲಿ, ಈಗ ಹೇಳ್ಲಿ ಅಂದ್ಕೊಂಡೆ... ಹೊಸ್ತಿಲ ತನಕ ಕಸ ಹೊಡಕೋತ ಹೋದೆ. ಮಠದಾಗ ಅವರ ಮಾರಿ ಎಲ್ಲಿಡ್ತಾರ? ನನ್ನ ಗತಿ ಏನು? ನನ್ನ ಅಣ್ಣನ ಮಗ, ಸುಮ್ಮನ ತಾಳಿಕೋತಾನ ಅಂದ್ಕೊಂಡೆ. ಥೂ, ನನ್ನ ಜಲ್ಮಕ್ಕ!

ಜೀಪು... ಬಂದ್ರು ನೋಡು. ರಾರಾವಿಯವರನ್ನೂ ಕರಕೊಂಡ ಬಂದಾರ, ಮಾತು ಕೇಳಸ್ತಾವ.

ಗಾದಿಲಿಂಗಾ, ಏನ ಮಾಡ್ತೀ? ಆ ಹುಲ್ಲು ಯಾಕ ಕಿಸೆದಾಗ ಇಟ್ಟಿ? ಈಗ ಯಾಕ ಸ್ಕ್ರೂ ಬಿಚ್ಚತೀ? ಬ್ಯಾಡ... ನಿಂದ್ರು. ತಪ್ಪು ನಿಂದ ಅಂತ ಹೊತ್ಕೊಂಡು ಹೋಗ್ತೀಯೇನು, ದಾಕ್ಷಾಯಣಿನ ಬಿಟ್ಟು? ನನ್ನ ಸಲುವಾಗಿ? ತಲಿ ಎತ್ತೋ! ಒಂದು ಮಾತರ ಬೈಯೋ ನನ್ನ! ಬೈದ್ರ ತಡಕೋತಿದ್ನೆಪಾ, ನೀ ಹಿಂಗ ಸುಮ್ಮನ ಕುಂತ್ರ...

ಕೊಡು ಇಲ್ಲಿ ಆ ಹುಲ್ಲು. ಕೊಡು ಅಂದೆ!

ರೀ... ಅಲ್ಲೇ ನಿಂದರ್ರಿ. ಇಲ್ಲ, ಅವರೂ ಕೇಳ್ಲಿ. ಯಾರಿಗೂ ಮಾತು ಕೊಡಬ್ಯಾಡ್ರಿ. ನಿಮ್ಮ ಮೀನ ಸಾಯಿಸಿದಾಕಿ ನಾನು.