ಅಡುಗೆಮನೆಗೆ ತಿರುಗುವ ಟಿವಿ

ಬೇರೆಯವರ ಮಾತಿಗೆ ಕಿವಿ ಕೊಡಬಾರದು ಎಂದು ಮಕ್ಕಳಿಗೆ ಮೂವತ್ತು ವರ್ಷ ಹೇಳಿಕೊಟ್ಟ ಗ್ಲ್ಯಾಡಿಸ್ ಟೀಚರ್, ಉಡುಪಿಯಿಂದ ಕಾರ್ಕಳಕ್ಕೆ ಹೋಗುವ ಬಸ್ಸಿನಲ್ಲಿ ಕಣ್ಣು ಮುಚ್ಚಿ ಕಿವಿ ತೆರೆದು ಕೂತಿದ್ದರು. ಮುಂದಿನ ಸೀಟಿನಲ್ಲಿ ನಡುವಯಸ್ಸಿನ ಗಂಡ ಹೆಂಡತಿ. ಗಂಡನ ತೊಡೆಯ ಮೇಲೆ, ಟಿವಿಯನ್ನು ಗೋಡೆಗೆ ಹಾಕುವ ಸ್ಟ್ಯಾಂಡಿನ ಬಾಕ್ಸ್.

“ಬೇಕಾದ ಕಡೆಗೆ ತಿರುಗಿಸಬಹುದು ಮಾರಾಯ್ತಿ. ಇನ್ನು ನೀನು ಮೀನು ಕೊಯ್ಯುತ್ತಲೇ ಸೀರಿಯಲ್ ನೋಡು.”

“ಅಡುಗೆಮನೆಗೆ ತಿರುಗಿಸುವುದು ಬೇಡ.”

“ಯಾಕೆ? ನಿನಗೆಂದೇ ತೆಗೆದುಕೊಂಡದ್ದು!”

“ಈಗ ನೀವು ಚಾವಡಿಯಿಂದ ಕೂಗಿ ಕಥೆ ಹೇಳ್ತೀರಲ್ಲ, ಅದೇ ಸಾಕು.”

“ಕೂಗಿ ಕೂಗಿ ನನ್ನ ಗಂಟಲು ಹೋಯಿತು.”

“ನಿಮ್ಮ ಕಥೆಯಲ್ಲಿ ಆ ಅತ್ತೆ ಹೋದ ವಾರವೇ ಸೊಸೆಯ ಹತ್ತಿರ ಕ್ಷಮೆ ಕೇಳಿದಳು. ಟಿವಿಯಲ್ಲಿ ಇನ್ನೂ ಕೇಳಲಿಲ್ಲವಂತೆ. ಪಕ್ಕದ ಮನೆಯ ವಿಜೇತಾ ಹೇಳಿದಳು.”

ಗಂಡ ಬಾಕ್ಸಿನ ಟೇಪನ್ನು ಉಗುರಿನಿಂದ ಕೆರೆಯತೊಡಗಿದ.

“ಆ ಸೊಸೆ ಅತ್ತರೆ ನೀನೂ ಅಳ್ತೀಯ. ಮತ್ತೆ ಊಟ ಮಾಡುವುದಿಲ್ಲ. ನಾನು ಎಂತ ಮಾಡುವುದು?”

“ಅದಕ್ಕೇ ಹೇಳಿದ್ದು. ಟಿವಿಯನ್ನು ನಿಮ್ಮ ಕುರ್ಚಿಯ ಕಡೆಗೇ ತಿರುಗಿಸಿಕೊಳ್ಳಿ. ಓರೆಯಾಗಿ ನೋಡಿ ನೋಡಿ ಬಂದ ನಿಮ್ಮ ಕುತ್ತಿಗೆ ನೋವಾದರೂ ಕಡಿಮೆ ಆಗಲಿ.”

“ಕುಕ್ಕುಂದೂರು ಯಾರು? ಬೇಗ ಇಳಿಯಿರಿ!” ಎಂದ ಕಂಡಕ್ಟರ್.

ಗಂಡ ಬಾಕ್ಸನ್ನು ಮಗುವಿನ ಹಾಗೆ ಅಪ್ಪಿಕೊಂಡು ಎದ್ದ. ಹೆಂಡತಿ ಹಿಂದಿನಿಂದ ಅವನ ಅಂಗಿ ಹಿಡಿದುಕೊಂಡಳು. ಮೆಟ್ಟಿಲು ಇಳಿಯುತ್ತಾ ಅವಳು ಹೇಳಿದ್ದು ಟೀಚರಿಗೆ ಸರಿಯಾಗಿಯೇ ಕೇಳಿಸಿತು.

“ಇವತ್ತು ಆ ಸೊಸೆಯನ್ನು ಒಮ್ಮೆ ತಾಯಿಮನೆಗೆ ಕಳಿಸಿ, ಪಾಪ. ಹೋಗದೆ ತುಂಬಾ ದಿನ ಆಯಿತು.”