ಗಿರಣಿ ಹಾಡು ಮೆಚ್ಚಿದ ಶಿವಪುತ್ರ

...ಅದಕ್ಕ ಹೇಳಾಕತ್ತೇನಿ ಮೇಘಾ, ನಿಮ್ಮ ಬ್ಯಾಂಡಿನ ಮೊದಲನೇ ಆಲ್ಬಮ್ ಕೇಳಿ ಹುಕ್ಕೇರಿ ಬಸ್ ಸ್ಟ್ಯಾಂಡಿನ್ಯಾಗ ಮೂರು ಬಸ್ಸು ನಿಂತಲ್ಲೇ ಕುಣದ್ವು. ನನ್ನ ಕಣ್ಣಾರೆ... ಆತು, ಸುಳ್ಳು. ಒಂದ ಬಸ್ಸು. ಅದೂ ಹುಟ್ಟಿದಾಗಿಂದ ಹಂಗ ನಡಗತೈತಿ.

ಹಾಂ, ನಗು. ಈ ಚಾದಂಗಡಿಗೆ ಬಂದಾಗಿಂದ ಮಾರಿ ಊದಿಸ್ಕೊಂಡು ಕುಂತೀದಿ.

ಈ ಕಾಕಾ ಒಮ್ಮೆನೂ ಹೊಗಳಲಿಲ್ಲ ಅಂತೀ. ಏನಂತ ಹೊಗಳಲಿ? ಗಿಟಾರು, ಡ್ರಮ್ಮು, ಅವುಗಳ ಜೋಡಿ ನಿಮ್ಮಪ್ಪನ ಹಿಟ್ಟಿನ ಗಿರಣಿ ಸಪ್ಪಳಾ. ಮ್ಯಾಲೆ ಮಂದಿಗೆ ಕುಣೀರಿ ಅಂತೀರಿ. ನಮ್ಮಣ್ಣ ತೀರಿಹೋದ ಮ್ಯಾಲೆ ಗಿರಣಿ ಮಾರಿದ್ವಲ್ಲ, ಮಾರೂ ಮುಂದ ನೀ ಫೋನಿನ್ಯಾಗ ಹಿಡಕೊಂಡಿದ್ದ ಸಪ್ಪಳಾ... ಗೊತ್ತೈತಿ ನನಗ.

ನಮ್ಮೂರು ಕೊಣ್ಣೂರಾಗ ನಿಮ್ಮ ಡ್ರಮ್ ಬಾರಸೂ ಅಜಿತ ಮನಿ ಮಾಳಗಿ ಮ್ಯಾಲೆ ಸ್ಪೀಕರ್ ಇಟ್ಟು ಆಲ್ಬಮ್ ಹಚ್ಚಿದ ದಿನ ಏನಾತು? ಗಿರಣಿ ಮತ್ತ ಚಾಲೂ ಆತು ಅಂತ ಬಾಜೂ ಮನಿ ಮುದುಕಿ ಅಲ್ಲವ್ವ ಜ್ವಾಳದ ಡಬ್ಬಿ ಹೊತ್ಕೊಂಡು ಬಂದ್ಲು. ಹಿಂದ ಹತ್ತು ಮಂದಿ ಪಾಳಿ. ನಾಕನೇ ಹಾಡಿನ ತನಕ ನಿಂತು, "ಗಿರಣಿ ಛಲೋ ಐತಿ, ಹಿಟ್ಟ ಎಲ್ಲೈತಿ?" ಅಂದ್ಲು. ಇದರಾಗ ಒಂದ ಅಕ್ಷರಾ ಸುಳ್ಳಿಲ್ಲ. ಹತ್ತು ಮಂದಿ ಅಲ್ಲ, ಇಬ್ಬರ. ಇಲ್ಲೆ ಗೋಕಾಕದಾಗ ಡಿಜೆ ಭೀಮೇಶ ಒಂದು ಹಾಡು ಪೂರಾ ಕೇಳಿ, ಹಾಡು ಯಾವಾಗ ಚಾಲೂ ಆಗತೈತಿ ಅಂತ ಕೇಳಿದ್ನಂತ.

ಆದ್ರ ಮೂಡಲಗಿ ಶಿವಪುತ್ರ ಮೆಚ್ಚಿ ಬರದಾನಲ್ಲ, ಫೋನಿನ್ಯಾಗ ಆಲ್ಬಮ್ಮಿನ ಕೆಳಗ, ಅಷ್ಟುದ್ದ ಕಮೆಂಟು. ಸಾಲದೇನು?

ಭೆಟ್ಟಿಯಾಗಬೇಕಾ? ಯಾಕ? ...ಇದೆಂಥಾ ಶರ್ತ ಬೇ. ಅಂವ ಖರೆ ಮನಷ್ಯಾ ಇದ್ರ ಬ್ಯಾಂಡ್ ನಡಸ್ತಿ, ಇಲ್ಲಾಂದ್ರ ನಾಳೆ ಎಲ್ಲಾ ಮಾರಿ ಬಿಡ್ತಿ? ಮೆಚ್ಚಿದಾಂವ ಅಂವ ಒಬ್ಬನ ಅಂತ?

ಇದ್ದಾನವ್ವಾ. ನನ್ನ ಗೆಳ್ಯಾ ಅಂತ ನಾನ ಹೇಳಿಲ್ಲೇನು. ಎತ್ತರ ಆಳು. ಅಂದ್ರ, ಕುಂತಾಗ. ಆದ್ರ ಈಗ ಕಾಲು ಮುರಕೊಂಡಾನ, ಬರಾಕ ಆಗೂದಿಲ್ಲ. ...ಹೋದ ವಾರ ಕೈ ಅಂದಿದ್ನೇನು? ಪಾಪ, ಭಾಳ ಪೆಟ್ಟಾಗೇತಿ ಹಂಗಾರ.

ಯಾಕ, ಇದಕ್ಕ ನಗವಲ್ಲಿ?

ಫೋನ್ ಯಾಕ ಮುಂದ ಹಿಡದಿ? ಓದ್ಲ್ಯಾ? ಕೊಡು. "ಮೂರನೇ ಹಾಡಿನಲ್ಲಿ ಗಿರಣಿ ಬೆಲ್ಟಿನ ಪಟ್ಟಿಯ ತೇಪೆ ತಿರುಗಿ ಬಂದಾಗೊಮ್ಮೆ ಟಪ್ ಎನ್ನುತ್ತದೆ. ಹರಿದ ಪಟ್ಟಿಗೆ ಚಪ್ಪಲಿ ತೊಗಲು ಹಚ್ಚಿ ಹೊಲಿದ ಜಾಗ ಅದು. ಅಲ್ಲಿ ನನ್ನ ಕಾಲುಗಳು ತಾವೇ ಎದ್ದವು. ಏಳು ಸಲ ಕೇಳಿದೆ." ಛಲೋ ಬರದಾನಲ್ಲ?

...ಹಂಗ್ಯಾಕ ನೋಡ್ತಿ?

ಮೂಡಲಗಿಯಾಂವಗ ಚಪ್ಪಲಿ ತೊಗಲಿಂದು ಹೆಂಗ ಗೊತ್ತು ಅಂದ್ರ... ಯಾರರ ಹೇಳಿರಬೇಕು. ಭೀಮೇಶ... ಇಲ್ಲ, ಅಂವಗೆಲ್ಲಿ ಗೊತ್ತು. ಪಟ್ಟಿ ಹರದ ದಿನ ಗಿರಣ್ಯಾಗ ಇದ್ದಾವರ ಇಬ್ಬರು. ಅಣ್ಣ, ಮತ್ತ...

ಬೈ ಮೇಘಾ, ಬೇಕಾರ.

...ಅಣ್ಣ ನಿನಗೂ ಹೇಳಿದ್ನೇನು, ತಮ್ಮನ ಚಪ್ಪಲಿ ಕೊಯ್ದೆ ಅಂತ? ಹೊಸಾವು ಇದ್ವು. ಒಂದ ಕಾಲಾಗ ಮನಿಗೆ ಹೋದೆ ನಾ. ಅಂವ ಹಿಂದಿಂದ ನಗಾಕತ್ತಿದ್ದ.

ಹೆಸರು ಸುಳ್ಳು. ಮೂಡಲಗಿ ಸುಳ್ಳು. ಏಳು ಸಲ ಅಂಬೂದೂ ಸುಳ್ಳು, ಹನ್ನೊಂದು ಸಲ ಕೇಳೀನಿ. ಕದಾ ಹಾಕ್ಕೊಂಡು ಕುಣದೀನಿ ಬೇ, ಈ ವಯಸ್ಸಿನ್ಯಾಗ. ನಿನ್ನ ಮುಂದ ಕುಂತು ಇದನ್ನ ಹೇಳಾಕ ಹೋದ್ರ ಬಾಯಾಗ ಬರೇ ಚಾಷ್ಟಿ, ನಗಚಾಟಿಕಿ ಮಾತ ಬರತೈತಿ, ಏನ ಮಾಡ್ಲಿ. ಖರೆ ಮನಷ್ಯಾ ಬೇಕಂದಿ. ಇಲ್ಲೆ ಕುಂತೇನಿ ನೋಡು.

...ಯಾರಿಗೆ ಹಚ್ಚಿದಿ ಫೋನು? ಅಜಿತಗ? ಡ್ರಮ್ ಮಾರೂದು ಬ್ಯಾಡ ಅಂತನ?

ಆತು, ಮಾತಾಡು, ಮಾತಾಡು. ಹಂಗ ಎದ್ದು ಹೊರಗ ಹೋಗೂ ಮುಂದ ಈ ಎರಡು ಚಾದ ರೊಕ್ಕಾ ಕೊಟ್ಟ ಹೋಗವಾ. ಶಿವಪುತ್ರ ಪಾಕೀಟ ಮನ್ಯಾಗ ಬಿಟ್ಟ ಬಂದಾನ.